ಇಡ್ಲಿ ತಟ್ಟೆಯಲ್ಲಿ ಸೋಪು ಹುಯ್ದ ಹೊನ್ನವ್ವ

“ನಮ್ಮಮ್ಮನ ಇಡ್ಲಿ ತಟ್ಟೇನ ತೂತು ಮಾಡಿಟ್ಟಿದೀಯಲ್ಲ, ಹಲ್ಲಲ್ಲಿ ಕಚ್ಚಿ ತಿಂದ್ಯಾ?”

ಕೆಂಗೇರಿ ಉಪನಗರದ ಆ ಮನೆಯ ತಾರಸಿಯಲ್ಲಿ, ಓನರ್ ಮಗ ಭೈರೇಶ್ ಅಲ್ಯೂಮಿನಿಯಂ ತಟ್ಟೆಯನ್ನು ನೆಲಕ್ಕೆ ಅಪ್ಪಳಿಸಿದ. ಢಣಾರ್! ಟ್ಯಾಂಕಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು.

“ಅಣ್ಣಾರ, ಸೋಪಿನ ಅಚ್ಚಿಗೆ ಅಂತ ಅಮ್ಮಾರನ್ನ ಕೇಳೇ ತಂದಿದ್ನಿರಿ. ಸೋಪಿಗೆ ಹಾಕೋ ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ತಿಂತೈತಿ ಅಂತ ನನಗೇನ್ ಗೊತ್ರಿ?” ಎಂದಳು ಹೊನ್ನವ್ವ.

ಬಾದಾಮಿ ಕಡೆಯ ಹೊನ್ನವ್ವ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರನ ಬೈಗುಳ ಕೇಳಿ ಕೇಳಿ ರೋಸಿ, ಒಂದು ದಿನ ಕತ್ತರಿ ಬಿಸಾಕಿ ಎದ್ದು ಬಂದವಳು. ಈಗ ಗಂಡ ಹನುಮೇಶನ ಜೊತೆ ಈ ತಾರಸಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದು, ಕೊಬ್ಬರಿ ಎಣ್ಣೆಯ ಸೋಪು ಮಾಡುತ್ತಾಳೆ. ಈ ತಾರಸಿ ಕೈತಪ್ಪಿದರೆ ಮತ್ತೆ ಅದೇ ಮಿಷಿನ್ನು, ಅದೇ ಬೈಗುಳ.

ಮೊದಲು ಗುಲಾಬಿ ಆಕಾರದ ಸಿಲಿಕಾನ್ ಅಚ್ಚು ತಂದಿದ್ದಳು. ಆತುರಕ್ಕೆ ಬಿದ್ದು ಮಾರನೇ ದಿನವೇ ಕಿತ್ತರೆ, ಎಸಳುಗಳು ಒಳಗೇ ಉಳಿದು ರುಂಡವಿಲ್ಲದ ಹೂಗಳು ಹೊರಬಿದ್ದವು. ಇಡ್ಲಿ ತಟ್ಟೆಯೇ ವಾಸಿ ಅಂದುಕೊಂಡಳು. ಹಿಟ್ಟಿನ ಹಾಗೆ ಸೋಪು ಹುಯ್ದಿದ್ದೇ ತಡ, ಗುಳಿಗಳೆಲ್ಲ ಬುಸುಗುಟ್ಟಿ, ನೊರೆ ಕಾರಿ, ಕರ್ರಗಾಗಿ ಹೋದವು.

“ಇವತ್ತೇ ರೂಮ್ ಖಾಲಿ ಮಾಡು!”

ಭೈರೇಶ್ ಎಣ್ಣೆ ಬಕೆಟ್‌ಗೆ ಒದ್ದ. ಎಣ್ಣೆ ತಾರಸಿ ತುಂಬಾ ಹರಿಯಿತು. ಸಿಲಿಕಾನ್ ಅಚ್ಚು ಬೀದಿಗೆ ಹಾರಿತು. ಅಡ್ಡ ಬಂದ ಹೊನ್ನವ್ವನ ರಟ್ಟೆ ಹಿಡಿದು ನೂಕಿದ. ಅವಳ ಹಣೆ ಬಾಗಿಲಿಗೆ ಬಡಿದು ರಕ್ತ ಜಿನುಗಿತು.

ಮೂರು ಮಹಡಿ ಹತ್ತಿ, ಕೂಗಾಡಿ, ಭೈರೇಶನ ಗಂಟಲು ಒಣಗಿತ್ತು. ಕಟ್ಟೆಯ ಮೇಲೆ ಸ್ಟೀಲ್ ಚೊಂಬು, ಅದರಲ್ಲಿ ತಿಳಿನೀರು. ತಲೆ ಹಿಂದಕ್ಕೆ ಹಾಕಿ, ಬಾಯಿ ತೆರೆದು, ಚೊಂಬು ಎತ್ತಿಯೇಬಿಟ್ಟ.

ಅದು ನೀರಲ್ಲ. ಹೊನ್ನವ್ವ ನೀರಲ್ಲಿ ಕರಗಿಸಿ ಆರಲು ಇಟ್ಟಿದ್ದ ಕಾಸ್ಟಿಕ್ ಸೋಡಾ.

ಬಿಡಿಸಿ ಹೇಳುವಷ್ಟು ಹೊತ್ತೆಲ್ಲಿತ್ತು? ಮೂಲೆಯಲ್ಲಿದ್ದ ಪಿವಿಸಿ ಪೈಪಿನ ತುಂಡನ್ನು ಎರಡೂ ಕೈಯಲ್ಲಿ ಬೀಸಿ ಅವನ ಮಣಿಕಟ್ಟಿಗೆ ಬಾರಿಸಿದಳು. ಚೊಂಬು ಹಾರಿ ಇಡ್ಲಿ ತಟ್ಟೆಯ ಮೇಲೆ ಬಿತ್ತು. ತಟ್ಟೆ ಬುಸ್ಸೆಂದು ಕುದಿಯಿತು. ನಾಲ್ಕು ಹನಿ ಪಾದಕ್ಕೆ ಸಿಡಿದು ಭೈರೇಶ್ ಕುಣಿದಾಡಿದ. ಹೊನ್ನವ್ವ ಅವನ ಕಾಲರ್ ಹಿಡಿದು ಎಳೆದೊಯ್ದು ಅವನ ಪಾದದ ಮೇಲೆ ನಲ್ಲಿ ಪೂರ್ತಿ ತಿರುಗಿಸಿದಳು.

“ಅಯ್ಯೋ ಉರಿ! ಅಮ್ಮಾ, ಕೊಲೆ ಮಾಡ್ತಾಳೆ ಇವ್ಳು!”

“ಬಾಯ್ಮುಚ್ಚೋ!” ಏದುಸಿರು ಬಿಡುತ್ತಾ ಹತ್ತಿ ಬರುವಾಗಲೇ ಅವನು ಚೊಂಬು ಎತ್ತಿದ್ದನ್ನು ಕಂಡಿದ್ದ ತಾಯಿ ಯಶೋದಮ್ಮ ಕುದಿಯುವ ತಟ್ಟೆಯನ್ನೇ ನೋಡಿದರು. “ಅದು ನಿನ್ನ ಗಂಟಲಿಗೆ ಇಳಿದಿದ್ರೆ ನಾನು ಇನ್ಯಾರಿಗೆ ಇಡ್ಲಿ ಬೇಯಿಸ್ಲಿ? ಇವಳು ಇಲ್ಲೇ ಇರ್ತಾಳೆ. ನೀನೂ ಅಷ್ಟೇ ಕಣೇ, ಕುಡಿಯೋ ಚೊಂಬಲ್ಲಿ ವಿಷ ಇಡ್ತಾರಾ?”

“ತಪ್ಪಾತ್ರಿ ಅಮ್ಮಾರ. ಇನ್ನ ಇಡಂಗಿಲ್ರಿ,” ಎನ್ನುತ್ತಲೇ ಹೊನ್ನವ್ವ ಪೈಪಿನ ಮೇಲೆ ಕಣ್ಣು ನೆಟ್ಟಳು. ಅದಕ್ಕೂ ಕಾಸ್ಟಿಕ್ ಸಿಡಿದಿತ್ತು. ಬುಸ್ಸೂ ಇಲ್ಲ, ನೊರೆಯೂ ಇಲ್ಲ. “ಕಾಸ್ಟಿಕ್ ಇದನ್ನ ತಿಂದಿಲ್ರಿ! ಇದರಾಗ ಸೋಪು ಹಾಕಿ, ಗಟ್ಟಿಯಾದಮ್ಯಾಲೆ ಹಿಂದಿಂದ ನೂಕಿದ್ರ, ದುಂಡದುಂಡಗ ಕೊಯ್ಯಬಹುದ್ರಿ!”

ಭೈರೇಶ್ ತನ್ನ ಊದಿದ ಕೈಯನ್ನೂ ಅವಳ ಹಣೆಯ ರಕ್ತವನ್ನೂ ನೋಡಿದ.

“ಮುಂದಿನ ಭಾನುವಾರ ಮೇಲೆ ಬರ್ತೀನಿ. ಎಣ್ಣೆ ಚೆಲ್ಲಿದ್ದು ನಾನೇ ಅಲ್ವಾ, ತರ್ತೀನಿ. ಪೈಪಿಗೆ ಮುಚ್ಚಳಾನೂ ತರ್ತೀನಿ. ನಾನು ಬಂದಾಗ ಆ ಪೈಪು ಮಾತ್ರ ನಿನ್ನ ಕೈಲಿರಬಾರ್ದು.”

ಹೊನ್ನವ್ವ ಸೆರಗನ್ನು ಹಣೆಗೊತ್ತಿಕೊಂಡಳು.

“ಎಣ್ಣಿ ತಗೊಂಡು ಬರ್ರಿ ಅಣ್ಣಾರ. ಒದಿಯಾಕ ಬಂದ್ರ, ಕೈಯಾಗ ಇರ್ತೈತ್ರಿ.”