ಗಂಡಭೇರುಂಡದ ಕಾಲುನೋವು

ನಂಜನಗೂಡಿನ ರಂಗನಾಯಕನಿಗೆ ದೇವರು ಮಾಡಿದ ಯಾವ ಪ್ರಾಣಿಯ ಮೇಲೂ ಸಿಟ್ಟಿರಲಿಲ್ಲ. ಅವನ ತಾತ್ಸಾರವೆಲ್ಲ ಮನುಷ್ಯರು ಮಾಡಿದ ಪ್ರಾಣಿಗಳ ಮೇಲೆ. ಪ್ರಾಯದಲ್ಲಿ ಅವನು ಮೈಸೂರಿನಲ್ಲಿ ಒಬ್ಬ ಬಿಳಿಯ ದೊರೆಯ ಕೈಕೆಳಗಿದ್ದ. ಶಿಕಾರಿಯಲ್ಲಿ ಹೊಡೆದ ಹುಲಿ, ಕಾಟಿಗಳ ಚರ್ಮಕ್ಕೆ ಹುಲ್ಲು ತುಂಬಿ ನಿಲ್ಲಿಸುವುದು ದೊರೆಯ ಕಸುಬು. ಮೂಳೆ ಬೇಯಿಸಿ, ಸುಣ್ಣದ ನೀರಲ್ಲಿ ತಿಕ್ಕಿ, ತಂತಿಯಲ್ಲಿ ಕೋದು ಮತ್ತೆ ಪ್ರಾಣಿಯ ಆಕಾರಕ್ಕೆ ತರುವುದು ರಂಗನಾಯಕನ ಪಾಲು. ದೊರೆ ಸೀಮೆಗೆ ಹೊರಟುಹೋದ ಮೇಲೆ ಊರಿಗೆ ಬಂದು, ಎತ್ತು ಎಮ್ಮೆಗಳ ಮುರಿದ ಕಾಲು ಕಟ್ಟಿಕೊಂಡು ಜೀವನ ಮಾಡುತ್ತಿದ್ದ.

ಅವನ ಜೊತೆ ಗುಡಿಗೆ ಹೋಗುವುದೆಂದರೆ ಎಲ್ಲರಿಗೂ ಬೇಸರ. ಕಂಬದ ಮೇಲೆ ರೆಕ್ಕೆಯ ಸಿಂಹ ಕಂಡರೆ ಸಾಕು, ಅಲ್ಲೇ ನಿಂತುಬಿಡುತ್ತಿದ್ದ.

“ನಾಕು ಕಾಲೂ ಅವೆ, ಮ್ಯಾಲೆ ಎರಡು ರೆಕ್ಕೆ ಬ್ಯಾರೆ. ಈ ರೆಕ್ಕೆ ಯಾವ ಮೂಳೆಗೆ ಅಂಟ್ಕೊಂಡದೆ ಏಳ್ಲಾ? ಬೆನ್ನಿಗೆ ಬೀಸಣಿಗೆ ಸಿಗಿಸ್ದಂಗೆ ಸಿಗಿಸವ್ನೆ! ಅಕ್ಕೀಗೆ ಮುಂಗಾಲೇ ರೆಕ್ಕೆ ಕಣ್ಲಾ. ಇದ ಕೆತ್ತಿದೋನು ಜಲ್ಮದಲ್ಲಿ ಒಂದು ಕೋಳಿ ಕುಯ್ದು ನೋಡಿಲ್ಲ.”

ಇಂಥವನನ್ನು ತಿರುಮಕೂಡಲು ನರಸೀಪುರದ ಭತ್ತದ ಸಾಹುಕಾರ ಸಿದ್ದಮಲ್ಲಪ್ಪ ಹೇಳಿಕಳಿಸಿ ಕರೆಸಿಕೊಂಡ. ಮೈಸೂರಿನಲ್ಲಿ ದಸರೆಯ ವಸ್ತುಪ್ರದರ್ಶನ ಶುರುವಾಗಿದ್ದ ಹೊಸತು ಅದು. ಯಾರೋ ಕಬ್ಬಿನ ಜಲ್ಲೆ ಇಟ್ಟು ಪದಕ ಹೊಡೆದಿದ್ದರಂತೆ. ಆ ಸುದ್ದಿ ಕೇಳಿದಾಗಿನಿಂದ ಸಾಹುಕಾರನಿಗೆ ನಿದ್ದೆ ಹತ್ತಿರಲಿಲ್ಲ.

“ಗಂಡಭೇರುಂಡದ ಅಸ್ಥಿಪಂಜರ ಮಾಡ್ಕೊಡು ರಂಗಾ. ಅರಮನೆ ಮುದ್ರೇಲಿರೋ ಎರಡು ತಲೆ ಹಕ್ಕಿ. ತಲಕಾಡಿನ ಮರಳಲ್ಲಿ ಸಿಕ್ತು ಅಂತೀನಿ. ಆ ಮರಳಲ್ಲಿ ಏನು ಸಿಕ್ತು ಅಂದ್ರೂ ಜನ ನಂಬ್ತಾರೆ.”

ರಂಗನಾಯಕ ಸಾಹುಕಾರನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಪದಕಕ್ಕಾಗಿ ಹಕ್ಕಿ ಹುಟ್ಟಿಸಹೊರಟ ಈ ಮನುಷ್ಯನ ಬಗ್ಗೆ ಅವನಿಗೆ ಹೇಸಿಗೆಯೇ ಆಯಿತು. ಆದರೆ ಒಂದು ಬೆನ್ನಿಗೆ ಎರಡು ಕತ್ತು ಕೂರಿಸುವುದು ಹೇಗೆ ಎಂಬ ಲೆಕ್ಕಾಚಾರ ಆಗಲೇ ತಲೆಯೊಳಗೆ ಶುರುವಾಗಿಬಿಟ್ಟಿತ್ತು.

“ಸುಳ್ಳು ನಿಮ್ದು ಸಾವ್ಕಾರ್ರೇ, ಮೂಳೆ ನಂದು. ನನ್ನ ಮೂಳೆ ಮಾತ್ರ ಸುಳ್ಳೇಳಾಕಿಲ್ಲ,” ಎಂದು ಒಪ್ಪಿಕೊಂಡ.

ಹುಲ್ಲಹಳ್ಳಿ ದಾರಿಯಲ್ಲಿ ಸತ್ತ ದನ ಎಸೆಯುವ ಜಾಗದಲ್ಲಿ ಎರಡು ರಣಹದ್ದು ಸತ್ತು ಬಿದ್ದಿದ್ದವು. ಅವನ್ನು ಹೊತ್ತು ತಂದು ಹಿತ್ತಲಲ್ಲಿ ಬೇಯಿಸಿದ. ನಾತಕ್ಕೆ ಅಕ್ಕಪಕ್ಕದವರು ಬೈದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ಕತ್ತು ಒಂದಾಗುವ ಕಡೆ ಭುಜದ ಮೂಳೆಗಳನ್ನು ಅಗಲಿಸಿದ. ಎರಡು ತಲೆಯ ಭಾರ ಎತ್ತಬೇಕಾದರೆ ರೆಕ್ಕೆಯ ಮಾಂಸ ದಪ್ಪವಿರಬೇಕು; ಆ ಮಾಂಸ ಹಿಡಿಯಲು ಎದೆಮೂಳೆಯ ಏಣು ದೋಣಿಯ ತಳದಂತೆ ಇಳಿಯಬೇಕು. ಅದನ್ನು ಕೊಂಬಿನಲ್ಲಿ ಕೆತ್ತಿ, ಟೊಳ್ಳು ಮಾಡಿ ಕೂರಿಸಿದ.

ಅವನ ಹೆಂಡತಿ ಪುಟ್ಟಲಕ್ಷ್ಮಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ನೋಡಿದಳು.

“ಅಲ್ಲಾ, ಒಂದು ತಲೆ ನಂಜನಗೂಡಿಗೆ ಓಗಾನ ಅಂತದೆ, ಇನ್ನೊಂದು ನರಸೀಪುರಕ್ಕೆ ಅಂತದೆ. ಆಗ?”

“ಅದು ಮೂಳೆ ಇಸ್ಯ ಅಲ್ಲ.”

“ಅಲ್ಲ ಬುಡು, ಸಂಸಾರದ ಇಸ್ಯ,” ಎಂದು ಒಳಗೆ ಹೋದಳು.

ಹಕ್ಕಿಯನ್ನು ಗಾಡಿಯಲ್ಲಿ ಹುಲ್ಲಿನ ಮೇಲಿಟ್ಟು ನರಸೀಪುರಕ್ಕೆ ಒಯ್ದ. ಮೂಳೆ ಮನೆಯೊಳಗೆ ಬರಕೂಡದೆಂದು ಸಾಹುಕಾರನ ಹೆಂಡತಿ ಹಟ ಹಿಡಿದಿದ್ದರಿಂದ, ಭತ್ತದ ಮಂಡಿಯ ಪಕ್ಕದ ಗಾಡಿ ಕೊಟ್ಟಿಗೆಯಲ್ಲಿ ಇಳಿಸಿದರು. ಸಿದ್ದಮಲ್ಲಪ್ಪನ ಮುಖ ಚಿಕ್ಕದಾಯಿತು.

“ಇಷ್ಟೇನಾ? ಇದು ಉಗುರಲ್ಲಿ ಆನೆ ಎತ್ಬೇಕು ಕಣೋ!”

“ಆನೆ ಎತ್ತೋ ಅಕ್ಕೀಗೆ ರೆಕ್ಕೆ ಇಲ್ಲಿಂದ ಹೊಳೆ ಆಚೆಗಂಟ ಬೇಕು. ಅದ್ರ ಎದೆಮೂಳೆ ನಿಮ್ಮ ಕೊಟ್ಟಿಗೆಗೆ ಇಡ್ಸಾಕಿಲ್ಲ. ಇದು ಆರ್ತದೆ. ಮೊಲ ಎತ್ತಿದ್ರೆ ಎಚ್ಚು.”

“ಮೊಲ ಎತ್ತೋದಕ್ಕೆ ಎರಡು ತಲೆ ಯಾಕೋ!”

“ಅದ ನಿಮ್ಮ ಅಕ್ಕೀನೇ ಕೇಳಿ.”

ಅಲ್ಲಿಗೆ ಮಾತು ಮುರಿಯಿತು. ರಂಗನಾಯಕ ಬರಿಗಾಡಿಯಲ್ಲಿ ಊರಿಗೆ ಮರಳಿದ.

ಸ್ವಲ್ಪ ದಿನಕ್ಕೆ ಸುದ್ದಿ ಬಂತು. ಸಾಹುಕಾರ ಬಡಗಿಯೊಬ್ಬನನ್ನು ಹಿಡಿದು ಹಕ್ಕಿಯನ್ನು ದೊಡ್ಡದು ಮಾಡಿಸಿದ್ದಾನೆ, ಜನ ಜಾತ್ರೆಯ ಹಾಗೆ ಬರುತ್ತಿದ್ದಾರೆ, ಕಾಯಿ ಒಡೆಯುತ್ತಿದ್ದಾರೆ ಎಂದು. ಮೈಸೂರಿನಲ್ಲಿ ಮೂಳೆ ಬಲ್ಲ ಯಾವನಾದರೂ ನೋಡಿಬಿಟ್ಟರೆ ಎಂಬ ಹೆದರಿಕೆಗೆ ಪ್ರದರ್ಶನದ ಆಸೆಯನ್ನು ಅವನು ಬಿಟ್ಟಿದ್ದ. ಪದಕಕ್ಕಿಂತ ಊರಲ್ಲಿ ಸಿಗುತ್ತಿದ್ದ ಕೈಮುಗಿತವೇ ಹಿತವಾಗಿತ್ತು.

ರಂಗನಾಯಕ ಹೋಗಿ ನೋಡಿದ. ಅವನ ಹಗುರ ಹಕ್ಕಿಯ ಎದೆಗೆ ಎತ್ತಿನ ಪಕ್ಕೆಲುಬು ಜಡಿದಿದ್ದರು. ಮೈತುಂಬ ಕುಂಕುಮ. ಎಲ್ಲಕ್ಕಿಂತ ಕೆಟ್ಟದ್ದು ಕಾಲು. ಹಕ್ಕಿಯ ಕಾಲು ಹಿಂದಕ್ಕೆ ಮಡಚುತ್ತದೆ. ಜನ ಮಂಡಿಯೆನ್ನುವ ಆ ಗಂಟು ನಿಜದಲ್ಲಿ ಹಿಮ್ಮಡಿಯದು. ಬಡಗಿ ಇದನ್ನು ತಪ್ಪೆಂದು ತಿಳಿದು, ಮನುಷ್ಯರ ಮಂಡಿಯಂತೆ ಮುಂದಕ್ಕೆ ತಿರುಗಿಸಿ ಮೊಳೆ ಹೊಡೆದಿದ್ದ.

“ಕತ್ತೆಗಳಾ! ಇದು ಎತ್ತಿನ ಮೂಳೆ, ಈ ತಲೆಗಳು ರಣಹದ್ದಿಂದು. ಕಟ್ಟಿದ್ದು ನಾನು!” ಎಂದು ಕೂಗಿದ.

ಯಾರಿಗೂ ಆಶ್ಚರ್ಯವಾಗಲಿಲ್ಲ. “ಕುಡ್ದವ್ನೆ ಕಣ್ಲಾ, ಪಕ್ಕಕ್ಕೆ ಎಳೀರಿ,” ಎಂದಿತು ಒಂದು ದನಿ. ಸಿದ್ದಮಲ್ಲಪ್ಪ ಕಂಬಕ್ಕೊರಗಿ, ಅವನನ್ನು ಕಂಡೇ ಇಲ್ಲವೆಂಬಂತೆ ನಿಂತಿದ್ದ. ಇಂಥ ಕುರಿಗಳಿಗೆ ಇಂಥ ಸಾಹುಕಾರನೇ ಸರಿ ಎಂದುಕೊಂಡು ರಂಗನಾಯಕ ಹೊರಡಲು ತಿರುಗಿದ.

ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ತಲಕಾಡಿನ ಕಡೆಯ ಮುದುಕಿ, ಗುರುಸಿದ್ದಮ್ಮ, ಹಕ್ಕಿಯ ಕಾಲನ್ನೇ ನೋಡುತ್ತ ಅಂದಳು: “ಅಯ್ಯೋ, ನಮ್ಮನೆ ಕೋಳಿ ಕಾಲು ಇಂಗಿಲ್ವಲ್ಲಪ್ಪಾ. ತಿರುಚ್ಕೊಂಡದೆ. ಎಷ್ಟು ನೋಯ್ತಾ ಇದ್ದಾತು, ಪಾಪ.”

ರಂಗನಾಯಕ ನಿಂತ. ತಿರುಗಿ ಆ ಕಾಲನ್ನು ನೋಡಿದ. ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಸೊಂಟದ ಚೀಲದಿಂದ ಇಕ್ಕಳ ತೆಗೆದು ಮೊಳೆ ಕಿತ್ತ. ಸಾಹುಕಾರ ಅಡ್ಡ ಬರುವಷ್ಟರಲ್ಲಿ ಜನ ಕೈಮುಗಿದಿದ್ದರು, ದೇವರಿಗೆ ಮೂಳೆ ಕಟ್ಟುವವನು ಬಂದನೆಂದು. ಗಂಟು ಹಿಂದಕ್ಕೆ ತಿರುಗಿಸಿ ತಂತಿ ಬಿಗಿದ. ಇನ್ನೊಂದು ಕಾಲಿಗೂ ಹಾಗೇ ಮಾಡಿದ.

“ಈಗ ಸರಿ ಓಯ್ತಾ ಮಗಾ?” ಎಂದಳು ಮುದುಕಿ.

“ಊಂ ಕಣಜ್ಜಿ. ಈಗ ಕೂತ್ಕತದೆ.”

ಸಂಜೆಯೊಳಗೆ ಕುಂಟುವ ಕರು, ಕೋಳಿ ಹಿಡಿದುಕೊಂಡು ಜನ ಅವನ ಹಿಂದೆ ಬಿದ್ದರು. ಕೊಟ್ಟಿಗೆಯಲ್ಲೇ ಇದ್ದುಬಿಡು ಎಂದು ಸಿದ್ದಮಲ್ಲಪ್ಪ ಹಲ್ಲುಗಿಂಜಿದ. ರಂಗನಾಯಕ ನೆಲಕ್ಕೆ ಉಗಿದು ನಂಜನಗೂಡಿನ ದಾರಿ ಹಿಡಿದ.

ಊರಲ್ಲಿ ಪುಟ್ಟಲಕ್ಷ್ಮಿ ಎಲ್ಲ ಕೇಳಿ ನಕ್ಕಳು. “ಒಣಗಿದ ಮೂಳೆಗೆ ನೋವಾ? ಅಷ್ಟು ತಿಳ್ದೋನು, ಯಾತಕ್ಕೆ ಸರಿ ಮಾಡ್ದೆ?”

ಅವನು ಕೈ ತೊಳೆದು ತಟ್ಟೆ ಎಳೆದುಕೊಂಡ. “ಮುದ್ದೆ ಇಕ್ಕು,” ಎಂದ. ಊಟ ಮುಗಿದರೂ ಆ ಎತ್ತಿನ ಪಕ್ಕೆಲುಬನ್ನು ಬೈಯುತ್ತಲೇ ಇದ್ದ.