ಸಕ್ಕರೆ ಕರಗಿದರೆ ಲೋಟ ಸುಡುವುದಿಲ್ಲ

ಕಳೆದ ತಿಂಗಳು ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ನನ್ನ ಹೆಂಡತಿ ವಿಮಲಾ ಒಂದು ಲೋಟ ನಿಂಬೆಹಣ್ಣಿನ ಶರಬತ್ತು ತಂದು ಪದ್ದು ಮುಂದೆ ಇಟ್ಟು ಒಳಗೆ ಹೋದಳು. ಪದ್ದು ನನ್ನ ಅಕ್ಕನ ಮಗಳು. ಆರು ವರ್ಷ. ಚಿಂತಾಮಣಿಯಿಂದ ರಜೆಗೆಂದು ಬಂದಿದ್ದಳು.

"ಮಾಮಾ, ಲೋಟ ಸುಡ್ತೈತೆ," ಎಂದಳು.

"ಶರಬತ್ತು ಎಲ್ಲಾದ್ರೂ ಸುಡುತ್ತೇನೇ? ಸುಮ್ನೆ ಕುಡಿಯಮ್ಮ, ನಾಟಕ ಆಡ್ಬೇಡ," ಎಂದರು ನಮ್ಮ ತಾಯಿ.

ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಬಿ.ಎಸ್ಸಿ. ಪಾಸು ಮಾಡಿದವನಲ್ಲವೇ? ಪಾಠ ಶುರು ಮಾಡಿದೆ.

"ನೋಡು ಪುಟ್ಟಿ, ಸಕ್ಕರೆ ಕರಗುವಾಗ ನೀರಿನ ಶಾಖಾನೇ ಒಂಚೂರು ತಗೊಳ್ಳುತ್ತೆ. ನೀರು ತಣ್ಣಗಾಗ್ಬೇಕೇ ಹೊರತು ಬಿಸಿ ಆಗೋಕೆ..."

ಅಲ್ಲಿಗೆ ಬಾಯಿ ನಿಂತಿತು. ಹಾಗಾದರೆ ಕರಗಿದ್ದು ಏನು?

ಹಾರಿ ಹೋಗಿ ಲೋಟ ಹೊಡೆದು ಬೀಳಿಸಿದೆ. ಅಷ್ಟರಲ್ಲಿ ಅವಳ ತುಟಿ, ನಾಲಗೆಯ ತುದಿ ಅದಕ್ಕೆ ತಾಗಿಯಾಗಿತ್ತು. ಆ ಕಿರುಚಾಟ ಇದನ್ನು ಬರೆಯುವಾಗಲೂ ಕಿವಿಯಲ್ಲಿದೆ.

ಕರಗಿದ್ದು ಕಾಸ್ಟಿಕ್ ಸೋಡಾ. ಅದನ್ನು ಅಲ್ಲಿಗೆ ತಂದದ್ದು ನನ್ನ ಜಾಣತನ.

ನಮ್ಮ ಶಿಡ್ಲಘಟ್ಟದಲ್ಲಿ ಸಕ್ಕರೆಗೆ ರೇಷನ್. ಪಕ್ಕದ ಮನೆಯವರು ಲೋಟ ಹಿಡಿದು ಬಂದರೆ ಇಲ್ಲ ಎನ್ನಲು ನಾಚಿಕೆ, ಕೊಡಲು ಸಂಕಟ. ಅದಕ್ಕೆ ಸಕ್ಕರೆ ಡಬ್ಬಿಗೆ "ಸೋಡಾ, ಮುಟ್ಟಬೇಡಿ" ಎಂದು ದಪ್ಪಕ್ಷರದ ಲೇಬಲ್ ಅಂಟಿಸಿದ್ದೆ. (ಅಕ್ಷರ ಮುದ್ದಾಗಿದೆ ಎಂದು ಹೆಂಡತಿಯಿಂದ ಹೊಗಳಿಸಿಕೊಂಡೆ ಕೂಡ.) ತಾಯಿಗೆ ಗುಟ್ಟು ಹೇಳಿರಲಿಲ್ಲ. ಅವರ ಕೈ ಧಾರಾಳ, ಕೇಳಿದವರಿಗೆಲ್ಲ ಕೊಟ್ಟುಬಿಡುತ್ತಾರೆ ಎಂಬ ಭಯ!

ಡಬ್ಬಿ ಖಾಲಿಯಾಗಿತ್ತು. ತಾಯಿ ಮಹಿಳಾ ಸಮಾಜದಲ್ಲಿ ಸೋಪು ಮಾಡುವುದನ್ನು ಕಲಿತು ಬಂದಿದ್ದರು. ಸೋಪಿಗೆ ಹಾಕಿ ಉಳಿದ ಕಾಸ್ಟಿಕ್ ಸೋಡಾವನ್ನು ಸೋಡಾ ಡಬ್ಬಿಗೇ ಸುರಿದರು. ಇನ್ನೆಲ್ಲಿಗೆ ಸುರಿಯಬೇಕಿತ್ತು? ನಾನು ರೇಷನ್ ತಂದು ತುಂಬಿಸಿದ್ದೇನೆ ಎಂದುಕೊಂಡು ವಿಮಲಾ ಎರಡು ಚಮಚ ಹಾಕಿ ಕಲಕಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಮಗುವಿನ ಬಾಯಿ ತೊಳೆಯುತ್ತಲೇ ಎಲ್ಲ ಕೇಳಿಸಿಕೊಂಡರು.

"ಗಂಟಲಿಗೆ ಇಳಿದಿಲ್ಲ, ನಿಮ್ಮ ಪುಣ್ಯ. ತಾವು ಓದಿದ್ದು?"

"ಬಿ.ಎಸ್ಸಿ."

"ಯಾವ ಸಬ್ಜೆಕ್ಟು?"

"ಕೆಮಿಸ್ಟ್ರಿ."

ಅವರು ಮತ್ತೆ ಮಗುವಿನ ಬಾಯಿ ತೊಳೆಯತೊಡಗಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನೋಡಲು ಬಂದವರಾದರೂ ಉಗಿದರೇ? ಎದುರುಮನೆಯ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, "ಸೋಡಾ ಅಂತ ಯಾಕಪ್ಪ ಬರೆಯೋಕೋದೆ? ನಾವು ಸಕ್ಕರೇನ ಇಲಿಪಾಷಾಣದ ಡಬ್ಬೀಲಿಡ್ತೀವಿ ಕಣೋ. ಒಂದು ನರಪಿಳ್ಳೆ ಮುಟ್ಟಲ್ಲ!" ಎಂದರು. ಹೆಮ್ಮೆಯಿಂದ. ಅವರ ಮನೆಯಲ್ಲಿ ನಾಲ್ಕು ಮೊಮ್ಮಕ್ಕಳಿವೆ.

ಎಂಥ ಜನ ನಾವು! ಅರ್ಧ ಲೋಟ ಸಕ್ಕರೆ ಉಳಿಸಲು ಮನೆಯೊಳಗೆ ವಿಷದ ಹೆಸರು ಬರೆದಿಟ್ಟುಕೊಂಡು, ಬಾಗಿಲಲ್ಲಿ ನಿಂತು "ಕಾಫಿ ಕುಡಿದು ಹೋಗಿ" ಎನ್ನುತ್ತೇವೆ. ಬಂದವರು ಒಲ್ಲೆ ಎನ್ನಲಿ ಎಂದು ಒಳಗೊಳಗೇ ಹರಕೆ ಹೊರುತ್ತೇವೆ.

ಎಂಟು ರಾತ್ರಿ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಪದ್ದು ಉಗುಳು ನುಂಗಿದರೂ ನರಳುತ್ತಿದ್ದಳು. ಮರುದಿನವೇ ಬಂದ ಅಕ್ಕ ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದಳು.

ಒಂಬತ್ತನೆಯ ದಿನ, ಸೋಮವಾರ ಸಂಜೆ, ಆರಿದ ಗಂಜಿಯ ಬಟ್ಟಲು ನಾನೇ ಅವಳ ಬಾಯಿಗೆ ಹಿಡಿದೆ. ಅವಳು ಬಟ್ಟಲನ್ನು ನನ್ನ ಕಡೆಗೇ ತಳ್ಳಿದಳು.

"ಮೊದ್ಲು ನೀನು ಕುಡಿ, ಮಾಮಾ."

ಕುಡಿದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಳದೆ ಕುಡಿದಳು.

ಆ ರಾತ್ರಿ ಎಲ್ಲರೂ ಬೆಳಗಿನವರೆಗೆ ನಿದ್ದೆ ಮಾಡಿದೆವು. ಆರು ವರ್ಷದ ಮಗು ನಂಬಲಾರದ ಮನೆಯಲ್ಲಿ, ಹೇಳಿ, ನಮಗೆ ಅಂಥ ನಿದ್ದೆಯಾದರೂ ಹೇಗೆ ಬಂತು?