ಮೂರು ಸಲ ಕೂಗಿದರೂ ಓ ಅನ್ನದ ಮನೆ

ಗಾಳೆಮ್ಮನ ಮನೆಗೆ ಕೀಲಿ ಇರಲಿಲ್ಲ. ಮಸ್ಕಿಯ ಸಂತೆಗೆ ಹೋಗಲಿ, ಸಿಂಧನೂರಿನ ತವರಿಗೆ ಹೋಗಿ ನಾಲ್ಕು ದಿನ ಇದ್ದು ಬರಲಿ, ಬಾಗಿಲನ್ನು ಸುಮ್ಮನೆ ಮುಂದಕ್ಕೆ ಎಳೆದು ನಡೆದುಬಿಡುತ್ತಿದ್ದಳು. ನಾಯಿ ಹೊಕ್ಕು ರೊಟ್ಟಿ ಬುಟ್ಟಿ ಖಾಲಿ ಮಾಡಿದ್ದುಂಟು. ಯಾರೋ ಪುಣ್ಯಾತ್ಮರು ಹಿತ್ತಾಳೆ ತಂಬಿಗೆ ಹೊತ್ತೊಯ್ದದ್ದೂ ಉಂಟು. 'ಗಾಳವ್ವಂದು ಮನಿ ಅಲ್ಲ, ಛತ್ರ ಐತಿ' ಎಂದು ಓಣಿಯವರು ಆಡಿಕೊಂಡರೆ ತಾನೂ ನಗುತ್ತಿದ್ದಳು. ಆದರೆ ಹೊಸ ಸೊಸೆ ಲಿಂಗಸುಗೂರಿನಿಂದ ಒಂದು ಒಳ್ಳೆಯ ಕೀಲಿ ಕೊಂಡು ತಂದ ದಿನ ಮುದುಕಿ ನಗಲಿಲ್ಲ. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಊರ ಬಾವಿಗೆ ಒಗೆದು ಬಂದಳು. ಸೊಸೆ ಎರಡು ದಿನ ಮಾತು ಬಿಟ್ಟಳು. ಪಾಪ, ಅವಳಿಗೆ ಆ ಪಿಳೇಗಿನ ವರ್ಷದ ಸಂಗತಿ ಯಾರೂ ಹೇಳಿರಲಿಲ್ಲ.

ಮೊದಲ ಜರ್ಮನ್ ಯುದ್ಧಕ್ಕೆ ಇನ್ನೂ ಮೂರು ವರ್ಷ ಇತ್ತು. ಆಳ್ವಿಕೆ ನಿಜಾಮರದು. ಲಿಂಗಸುಗೂರಿನಿಂದ ಮುಕ್ಕಾಲು ಹರದಾರಿ ದೂರದ ಕರೇಕಟ್ಟಿ ಎಂಬ ಹಳ್ಳಿಯಲ್ಲಿ ಗಾಳೆಮ್ಮ ಆಗ ಇಪ್ಪತ್ತಾರರ ಹೆಂಗಸು. ಗಂಡ ಪಂಪಣ್ಣ ಲಿಂಗಸುಗೂರಿನ ಹತ್ತಿ ಗಿರಣಿಯ ಬಂಡಿ ಹೊಡೆಯುತ್ತಿದ್ದ. ಹತ್ತಿಯ ಅಂಡಿಗೆ ಹೇರಿಕೊಂಡು ರಾಯಚೂರಿನ ರೈಲು ಟೇಸನ್ನಿಗೆ ಹೊರಟನೆಂದರೆ ವಾರದ ತನಕ ಅವನ ಮುಖ ಕಾಣುತ್ತಿರಲಿಲ್ಲ. ಅವಳು ಅದೇ ಗಿರಣಿಯಲ್ಲಿ ಯಂತ್ರದ ಬಾಯಿಗೆ ಹತ್ತಿ ಕೊಡುವ ಕೆಲಸದವಳು. ಗಿರಣಿ ಓಡುವುದೇ ವರ್ಷಕ್ಕೆ ನಾಲ್ಕು ತಿಂಗಳು. ಆ ನಾಲ್ಕು ತಿಂಗಳು ಗಂಡ ಹೆಂಡತಿ ಇಬ್ಬರೂ ದುಡಿದರೆ ಉಳಿದ ಎಂಟು ತಿಂಗಳು ಗುಮ್ಮಿಯಲ್ಲಿ ಜೋಳ ಇರುತ್ತಿತ್ತು, ಇಲ್ಲವಾದರೆ ಇಲ್ಲ.

ಮಕ್ಕಳು ಇಬ್ಬರು. ಜಂಬಮ್ಮನಿಗೆ ಎಂಟು ವರ್ಷ, ಅವಳ ಸೊಂಟ ಬಿಟ್ಟಿಳಿಯದ ತಮ್ಮ ನರಸಣ್ಣನಿಗೆ ಎರಡೂವರೆ. ಗಿರಣಿಯೊಳಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಹಿಂದಿನ ವರ್ಷ ಒಂದು ಕೂಸಿನ ಕೈ ಯಂತ್ರದ ಪಟ್ಟಾಕ್ಕೆ ಸಿಕ್ಕಿತ್ತು. ಆಮೇಲೆ ಮೇಸ್ತ್ರಿ ಮಲೀಕಸಾಬ ದರವಾಜದಲ್ಲೇ ನಿಂತು, ಮಕ್ಕಳನ್ನು ಕಟ್ಟಿಕೊಂಡು ಬಂದವರನ್ನು ಹಾಗೇ ತಿರುಗಿಸಿ ಕಳಿಸುತ್ತಿದ್ದ. ಹಾಗಾಗಿ ಗಾಳೆಮ್ಮ ಇಬ್ಬರನ್ನೂ ಶಾಲೆಗೆ ಬಿಟ್ಟು ಹೋಗುತ್ತಿದ್ದಳು.

ಶಾಲೆ ಎಂದರೆ ಕರಿಬಸಯ್ಯನವರ ಮಠದ ಪಡಸಾಲೆ. ಸರ್ಕಾರದ ಶಾಲೆ ಇದ್ದದ್ದು ಲಿಂಗಸುಗೂರಿನಲ್ಲಿ, ಅಲ್ಲಿ ಉರ್ದು. ಕನ್ನಡದ ನಾಲ್ಕಕ್ಷರ ಬೇಕೆಂದರೆ ಈ ಅಯ್ಯನವರ ಮುಂದೆ ಮರಳು ಹರವಿಕೊಂಡು ಬೆರಳಿನಿಂದ ತಿದ್ದಬೇಕು. ಹೆಣ್ಣುಮಕ್ಕಳು ಆ ಕಡೆ ಸುಳಿಯುತ್ತಿರಲಿಲ್ಲ. ಮೊದಲ ದಿನ ಅಯ್ಯನವರು ಗಾಳೆಮ್ಮನ ಮೇಲೆ ಹರಿಹಾಯ್ದರು.

"ಇದೇನು ಮಠಾನೋ, ಕೂಸಿನ ಕೊಟ್ಟಿಗಿನೋ?"

"ಅವಕ್ಕ ಅಕ್ಷರ ಬ್ಯಾಡ್ರಿ ಅಯ್ಯನೋರ. ಸಂಜೀತನ ನೆಳ್ಳು ಕೊಡ್ರಿ, ಸಾಕು."

ಅಯ್ಯನವರು ಗೊಣಗಿಕೊಂಡೇ ಹೊಸ್ತಿಲ ಹತ್ತಿರ ಜಾಗ ತೋರಿಸಿದರು. ಹದಿನೈದು ದಿನ ಕಳೆಯುವುದರಲ್ಲಿ ಜಂಬಮ್ಮ ಮಣ್ಣಿನಲ್ಲಿ ಯಾರೂ ಕಲಿಸದ ಅಕ್ಷರ ಗೀಚುತ್ತಿರುವುದು ಕಣ್ಣಿಗೆ ಬಿತ್ತು. ಅವಳನ್ನು ಸಾಲಿನಲ್ಲಿ ಕೂಡಿಸಿದರು. ಬೆಳಗಾಗುತ್ತಲೇ ಹಾಜರಿ. ಪುಸ್ತಕ ಇಲ್ಲ, ಬಾಯಿಲೆಕ್ಕ. ಅಯ್ಯನವರು ಒಂದೊಂದೇ ಹೆಸರು ಕೂಗುವುದು, ಕೂಗಿಸಿಕೊಂಡವರು 'ಓ' ಅನ್ನುವುದು. ಜಂಬಮ್ಮನ 'ಓ' ಎಷ್ಟು ಗಟ್ಟಿ ಎಂದರೆ, ಊರಬಾಗಿಲಾದ ಅಗಸಿ ದಾಟಿ ಹುಣಸೆ ಮರದ ತನಕ ಹೋದ ಗಾಳೆಮ್ಮನಿಗೆ ಕೇಳುತ್ತಿತ್ತು. ಅವಳು ದಿನವೂ ಆ ಮರದ ಕೆಳಗೆ ಒಂದು ಗಳಿಗೆ ನಿಂತು, ಮಗಳ 'ಓ' ಕಿವಿಗೆ ಬಿದ್ದ ಮೇಲೆಯೇ ಗಿರಣಿಯ ದಾರಿ ಹಿಡಿಯುತ್ತಿದ್ದಳು.

ಶಿವರಾತ್ರಿಗೆ ಇನ್ನೂ ಎಂಟು ದಿನ ಇತ್ತು. ಮಧ್ಯಾಹ್ನದ ಪಾಠ ನಡೆದಿತ್ತು. ಪಡಸಾಲೆಯ ಜಂತೆಯಿಂದ ಏನೋ ಧೊಪ್ಪನೆ ನರಸಣ್ಣನ ಮುಂದಿನ ಮರಳಿನ ಮೇಲೆ ಬಿತ್ತು. ಇಲಿ. ಕುಡಿದವರ ಹಾಗೆ ಎರಡು ಸುತ್ತು ತಿರುಗಿ, ತಿದ್ದಿದ ಅಕ್ಷರಗಳನ್ನೆಲ್ಲ ಅಳಿಸಿ, ಅಲ್ಲೇ ಕಾಲು ಚಾಚಿತು. ಕೂಸು ಆಟಿಕೆ ಸಿಕ್ಕಿತೆಂದು ಕೈ ಮುಂದೆ ಮಾಡಿತು. ಜಂಬಮ್ಮ ತಮ್ಮನನ್ನು ಕಸಿದು ಎತ್ತಿಕೊಂಡಳು. ಇಲಿ ಬಿದ್ದರೆ ಏನರ್ಥ ಎಂದು ಆ ಸೀಮೆಯಲ್ಲಿ ಎಳೆಮಕ್ಕಳಿಗೂ ಗೊತ್ತಿತ್ತು. ಮಸ್ಕಿಯ ಕಡೆ ಪಿಳೇಗಿನ ಗಡ್ಡೆಬೇನೆಯಿಂದ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದ ಸುದ್ದಿ ಬಂದು ವಾರವಾಗಿರಲಿಲ್ಲ. 'ಏಳ್ರಿ, ಮನಿಗೆ ಹೋಗ್ರಿ, ನಾ ಹೇಳಿ ಕಳಿಸೂತನ ಯಾರೂ ಬರಬ್ಯಾಡ್ರಿ' ಎಂದರು ಅಯ್ಯನವರು. ಶಾಲೆ ಮುಚ್ಚಿತು. ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕೂಡ ಆಗಿರಲಿಲ್ಲ.

ಸಂಜೆ ಗಿರಣಿಯಿಂದ ಬಂದ ಗಾಳೆಮ್ಮನಿಗೆ ಮಕ್ಕಳು ಸಿಕ್ಕಿದ್ದು ಮಠದ ಕಟ್ಟೆಯ ಹೊರಗೆ, ಬಿಸಿಲಲ್ಲಿ. ಯಾರೂ ಅವರನ್ನು ತಮ್ಮ ಅಂಗಳಕ್ಕೂ ಬಿಟ್ಟಿರಲಿಲ್ಲ. ಇಲಿ ಬಿದ್ದದ್ದು ಇವರ ಮುಂದೆ ತಾನೇ? ಅಯ್ಯನವರು ಬೇವಿನ ತಪ್ಪಲು ಸುಡುತ್ತಿದ್ದರು.

"ಅಯ್ಯನೋರ, ನಾಳಿಗೆ ಇವನ್ನ ಎಲ್ಲಿ ಬಿಡ್ಲಿ?"

"ನನ್ನ ಕೇಳ್ತೀಯಲ್ಲವಾ. ನನಗಾರ ಏನು ಗೊತ್ತೈತಿ?"

"ಅವರಪ್ಪ ರಾಯಚೂರಿಗೆ ಹೋಗ್ಯಾನ್ರಿ. ನಾ ಎರಡು ದಿನ ತಪ್ಪಿಸಿದ್ರ ಮಲೀಕಸಾಬ್ರು ಹೆಸರು ತೆಗೀತಾರ."

ಅಯ್ಯನವರು ಹೊಗೆಯ ಕಡೆ ಮುಖ ತಿರುಗಿಸಿದರು. ಶಾಲೆ ಮುಚ್ಚಿದ್ದು ತಪ್ಪೆಂದು ಯಾರೂ ಹೇಳಲಾರರು. ಮುಚ್ಚಿದ ಮೇಲೆ ಈ ಹೆಣ್ಣುಮಗಳು ಏನು ಮಾಡಬೇಕು ಎಂದು ಯೋಚಿಸಿದವರು ಇಡೀ ಊರಿನಲ್ಲಿ ಒಬ್ಬರೂ ಇರಲಿಲ್ಲ, ಅದನ್ನು ನೆನೆದರೆ ಈ ಕಥೆ ಹೇಳುವ ನನಗೆ ಈಗಲೂ ಸಿಟ್ಟು ಬರುತ್ತದೆ.

ಅವಳು ಮನೆ ಮನೆ ತಿರುಗಿದಳು. ಬೇರೆ ದಿನವಾದರೆ ಕೂಸನ್ನು ಕೇಳದೆಯೇ ಎತ್ತಿಕೊಳ್ಳುತ್ತಿದ್ದವರು ಹೊಸ್ತಿಲೊಳಗೆ ನಿಂತೇ ತಲೆ ಅಲ್ಲಾಡಿಸಿದರು. ಕೊನೆಗೆ ಪೆಟ್ಟಿಗೆಯ ತಳದಿಂದ ಹಳೆಯ ಕೀಲಿ ತೆಗೆದಳು. ಆಗ ಇನ್ನೊಂದು ಹೆದರಿಕೆಯೂ ಹಬ್ಬಿತ್ತು. ಸರ್ಕಾರದ ಜವಾನರು ಮನೆ ಮನೆ ಹೊಕ್ಕು, ಮೈ ಬಿಸಿ ಇದ್ದ ಮಕ್ಕಳನ್ನು ಊರ ಹೊರಗಿನ ಛಪ್ಪರಕ್ಕೆ ಎಳೆದೊಯ್ಯುತ್ತಾರೆ ಎಂಬ ಮಾತು. ನಿಜವೋ ಸುಳ್ಳೋ, ತಾಯಂದಿರು ನಂಬಿದ್ದರು. ಗಾಳೆಮ್ಮ ಮಗಳ ಎರಡೂ ಭುಜ ಹಿಡಿದು ಹೇಳಿದಳು:

"ನಾ ಬರೂತನ ಒಳಗ ಇರಬೇಕು. ಯಾರ ಕರೆದ್ರೂ ಓ ಅನಬ್ಯಾಡ. ಊರಾಗಿನವ್ರು ಕರೆದ್ರೂ ಅನಬ್ಯಾಡ. ತಮ್ಮನ ದನಿ ಹೊರಗ ಹೋಗಬಾರದು. ತಿಳೀತಾ?"

"ಅವ ಅತ್ರ?"

"ಅವನ ಬಾಯಿ ಮುಚ್ಚು."

ಎರಡು ರೊಟ್ಟಿ, ಒಂದು ಚರಿಗೆ ನೀರು ಇಟ್ಟು ಕೀಲಿ ಹಾಕಿದಳು. ಕೀಲಿಕೈ ಸೊಂಟದ ಸಂಚಿಯಲ್ಲಿ. ಹುಣಸೆ ಮರದ ಕೆಳಗೆ ಅಭ್ಯಾಸಬಲದಿಂದ ನಿಂತಳು. ಏನೂ ಕೇಳಲಿಲ್ಲ. ಹಾಗೆ ಮೂರು ದಿನ ಕಳೆಯಿತು.

ನಾಲ್ಕನೆಯದು ಮಂಗಳವಾರ. ಗಾಳೆಮ್ಮ ನಸುಕಿನಲ್ಲೇ ಹೊರಟಿದ್ದಳು. ಅವಳು ಹೋದ ಮೇಲೆ ಊರಿನಲ್ಲಿ ಮೊದಲ ಸಾವು ಬಿತ್ತು. ಊರ ಹಿರಿಯ ದೊಡ್ಡಬಸಪ್ಪ ಐದು ಮಂದಿಯನ್ನು ಕೂಡಿಸಿ ಅವತ್ತೇ ಹೊರಬೀಡು ಎಂದು ಡಂಗುರ ಹೊಡೆಸಿದ. ಹೊರಬೀಡು ಎಂದರೆ ಊರಿಗೆ ಊರೇ ಒಲೆ ಆರಿಸಿ, ದನಕರು ಹೊಡೆದುಕೊಂಡು ಹೊರಗೆ ಹೋಗಿ ಅಲ್ಲೇ ಉಂಡು, ದೀಪ ಹಚ್ಚುವ ಹೊತ್ತಿಗೆ ಮರಳುವುದು. ಅಷ್ಟು ಹೊತ್ತೂ ಅಗಸಿಗೆ ಮುಳ್ಳು ಹಚ್ಚಿರುತ್ತಾರೆ. ಒಳಗೆ ಊರದೇವತೆ ದುರುಗಮ್ಮ ಒಬ್ಬಳೇ ಓಣಿ ಓಣಿ ತಿರುಗಿ, ಬೇನೆಯನ್ನು ಉಡಿಯಲ್ಲಿ ಕಟ್ಟಿಕೊಂಡು ಹೋಗುತ್ತಾಳೆ. ಒಂದು ಬೆಕ್ಕಿನ ಮರಿಯೂ ಉಳಿಯಬಾರದು, ಉಳಿದ ಜೀವ ಅವಳಿಗೆ ಸೇರಿದ್ದು. ದೊಡ್ಡಬಸಪ್ಪ ತಾನೇ ಮನೆ ಮನೆಯ ಮುಂದೆ ನಿಂತು ಮೂರು ಮೂರು ಸಲ ಕೂಗಿದ. ಗಾಳೆಮ್ಮನ ಬಾಗಿಲಿಗೆ ಕೀಲಿ ಇತ್ತು. ಆದರೂ ಕೂಗಿದ. ಒಳಗಿನಿಂದ ಯಾರೂ ಓ ಅನ್ನಲಿಲ್ಲ. ಮಕ್ಕಳನ್ನು ಬೇರೆ ಕಡೆ ಬಿಟ್ಟಿರಬೇಕು ಎಂದುಕೊಂಡು, ಬಾಗಿಲಿಗೆ ಬೇವಿನ ತಪ್ಪಲು ಸಿಗಿಸಿ ಮುಂದೆ ಹೋದ.

ಗಿರಣಿಯ ಮಧ್ಯಾಹ್ನದ ಭೋಂಗಾ ಕೂಗಿತ್ತು. ರೊಟ್ಟಿ ಬಿಚ್ಚುತ್ತಿದ್ದ ಗಾಳೆಮ್ಮನಿಗೆ, ಹೊರಗೆ ಹೋಗಿ ಬಂದ ಮಲೀಕಸಾಬ ಸುಮ್ಮನೆ ಮಾತಿಗೆಂದು ಹೇಳಿದ:

"ನಿಮ್ಮೂರು ಪೂರಾ ಹೊಲದಾಗ ಕುಂತೈತಲ್ಲಬೇ. ಅಗಸಿಗೆ ಮುಳ್ಳು ಹಚ್ಯಾರ."

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅವನ ಮುಖವನ್ನೇ ನೋಡಿದಳು. ಆಮೇಲೆ ಕೈ ತಾನಾಗಿ ಸೊಂಟದ ಸಂಚಿಗೆ ಹೋಯಿತು. ಕೀಲಿಕೈ ಅಲ್ಲೇ ಇತ್ತು. ರೊಟ್ಟಿ ಎಲ್ಲಿ ಬಿತ್ತೋ ತಿಳಿಯಲಿಲ್ಲ.

"ದರವಾಜ ತೆಗೀರಿ."

"ಈಗ ಹೋದ್ರ ಮತ್ತ ಬರಬ್ಯಾಡ, ನೋಡು."

"ನನ್ನ ಮಕ್ಕಳು ಒಳಗ ಅದಾವ್ರಿ. ಕೀಲಿ ಹಾಕಿ ಬಂದೀನಿ."

ಮಲೀಕಸಾಬ ಎರಡನೆಯ ಮಾತಾಡದೆ ಅಗಳಿ ಎಳೆದ.

ಮುಕ್ಕಾಲು ಹರದಾರಿಯನ್ನು ಅವಳು ಹೇಗೆ ಓಡಿದಳೋ ಅವಳಿಗೇ ನೆನಪಿಲ್ಲ. ಅಗಸಿಯ ಮುಂದೆ ಜಾಲಿಮುಳ್ಳು ಎದೆಮಟ್ಟ ಒಟ್ಟಿದ್ದರು. ಇತ್ತ ಮರಗಳ ಕೆಳಗೆ ಊರೆಲ್ಲ ಕೂತಿತ್ತು. ಒಲೆಗಳ ಮೇಲೆ ಅನ್ನ ಕುದಿಯುತ್ತಿತ್ತು, ಮಕ್ಕಳು ಆಡುತ್ತಿದ್ದವು. ಅವಳು ಆ ಮಕ್ಕಳ ಮುಖಗಳನ್ನೆಲ್ಲ ಒಮ್ಮೆ ನೋಡಿದಳು. ಅವಳವು ಇರಲಿಲ್ಲ.

"ಹುಡುಗ್ರನ್ನ ಎಲ್ಲಿ ಬಿಟ್ಟಿ ಗಾಳವ್ವ?" ದೊಡ್ಡಬಸಪ್ಪ ಕೇಳಿದ.

"ಮನಿಯಾಗ."

ಕೂತವರೆಲ್ಲ ಎದ್ದು ನಿಂತರು. ದೊಡ್ಡಬಸಪ್ಪ ಮುಂದೆ ಬಂದ. "ನಾ ಮೂರು ಸಲ ಕೂಗೀನಿ. ಯಾರೂ ಓ ಅನ್ಲಿಲ್ಲ."

"ನಾನ ಅನಬ್ಯಾಡ ಅಂದಿದ್ದೆ."

ಯಾರೋ ಹೊರಬೀಡು ಕೆಟ್ಟಿತು ಎಂದರು. ದೀಪ ಹಚ್ಚುವ ತನಕ ಮುಳ್ಳು ಮುಟ್ಟಬಾರದು, ಮುಟ್ಟಿದರೆ ಇಡೀ ಊರಿಗೆ ಕೇಡು ಎಂದ ದೊಡ್ಡಬಸಪ್ಪ. ಕೆಟ್ಟ ಮನುಷ್ಯನಲ್ಲ ಅವನು. ಗಾಳೆಮ್ಮ ಅವನ ಮಾತು ಮುಗಿಯಲು ಕಾಯಲಿಲ್ಲ. ಬರಿಗೈಯಿಂದ ಮುಳ್ಳಿನ ಕಂಟಿ ಹಿಡಿದು ಜಗ್ಗಿದಳು. ಅಂಗೈಯಿಂದ ರಕ್ತ ಸುರಿಯಿತು. ಅವಳ ಪಕ್ಕದಲ್ಲಿ ಇನ್ನೆರಡು ಕೈ ಅದೇ ಕಂಟಿಗೆ ಬಿದ್ದವು. ತಿರುಗಿ ನೋಡಿದರೆ ಕರಿಬಸಯ್ಯನವರು.

"ಶಾಲಿ ಮುಚ್ಚಿದವ ನಾನು. ಕೇಡು ಬಂದ್ರ ನನ್ನ ತಲಿಗೆ ಬರ್ಲಿ, ಬಸಪ್ಪ," ಎಂದರು.

ಅವರು ಅಗಸಿಯ ಬಾಯಲ್ಲೇ ನಿಂತರು. ಅವಳು ಒಳಗೆ ಹೋದಳು. ಹುಟ್ಟಿದಾಗಿನಿಂದ ಅವಳು ಇಂಥ ಊರು ನೋಡಿರಲಿಲ್ಲ. ಸುಡುಬಿಸಿಲು, ಒಂದು ಕಾಗೆ ಇಲ್ಲ. ಅವಳ ಹೆಜ್ಜೆಯ ಸದ್ದೇ ಗೋಡೆಗೆ ಬಡಿದು ವಾಪಸು ಬರುತ್ತಿತ್ತು, ಹಿಂದೆ ಯಾರೋ ಬರುತ್ತಿದ್ದಾರೆ ಎನಿಸುತ್ತಿತ್ತು. ಗಟಾರದ ಪಕ್ಕ ಮೂರು ಇಲಿ ಸತ್ತು ಬಿದ್ದಿದ್ದವು. ದಾಟಿಕೊಂಡು ಓಡಿದಳು.

"ಜಂಬವ್ವ."

ಓ ಇಲ್ಲ.

"ಜಂಬವ್ವ, ನಾನವಾ, ನಿಮ್ಮವ್ವ."

ಓ ಇಲ್ಲ. ಕೈಯ ರಕ್ತಕ್ಕೆ ಕೀಲಿಕೈ ಜಾರಿತು, ಎರಡು ಸಲ ನೆಲಕ್ಕೆ ಬಿತ್ತು. ಮೂರನೆಯ ಸಲ ಬಾಗಿಲು ತೆರೆಯಿತು.

ಗುಮ್ಮಿಯ ಹಿಂದಿನ ಮೂಲೆಯಲ್ಲಿ ಜಂಬಮ್ಮ ಕೂತಿದ್ದಳು. ತಮ್ಮ ಮಡಿಲಲ್ಲಿ. ಅವಳ ಎರಡೂ ಕೈ ಅವನ ಬಾಯಿಯ ಮೇಲೆ. ಕೂಸಿನ ಕತ್ತು ಒಂದು ಕಡೆ ವಾಲಿತ್ತು, ಕಣ್ಣು ಮುಚ್ಚಿತ್ತು. ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು, ಅಷ್ಟು ಬಿಗಿದಿದ್ದವು. ಕೂಸು ಒಂದು ಉದ್ದ ಉಸಿರೆಳೆದು, ಕಣ್ಣು ಬಿಟ್ಟು, ಚೀರಿ ಅತ್ತಿತು. ಅತ್ತು ಅತ್ತು ಮಲಗಿತ್ತು ಅದು, ಅಷ್ಟೇ. ಜಂಬಮ್ಮ ಮಾತ್ರ ಅಳಲಿಲ್ಲ. ನೆಲದ ಮೇಲೆ ಬೋರಲು ಹಾಕಿದ ರೊಟ್ಟಿ ಬುಟ್ಟಿಯನ್ನು ಕಣ್ಣಿನಿಂದಲೇ ತೋರಿಸಿದಳು.

"ಇಲಿ ಬಿತ್ತವ್ವ, ಬುಟ್ಟಿ ಮುಚ್ಚೀನಿ," ಎಂದು ಪಿಸುಗುಟ್ಟಿದಳು. "ಬಸಪ್ಪಜ್ಜಾರು ಕರೆದ್ರು. ನಾ ಓ ಅನ್ಲಿಲ್ಲ."

ಗಾಳೆಮ್ಮ ಇಬ್ಬರನ್ನೂ ಎತ್ತಿಕೊಂಡು ಹೊರಬಿದ್ದಳು.

ಊರಿಗೆ ಮರಳುವ ಧೈರ್ಯ ಯಾರಿಗೂ ಇರಲಿಲ್ಲ, ಎಲ್ಲರೂ ಹೊಲದಲ್ಲೇ ಗುಡಿಸಲು ಹಾಕಿದರು. ಮೊದಲ ಹತ್ತು ದಿನ ಆ ಗುಡಿಸಲಿನಲ್ಲಿ, ಬೆಳಿಗ್ಗೆ ಸಂಜೆ ಮಕ್ಕಳ ಕಂಕುಳು ತೊಡೆಸಂದು ಮುಟ್ಟಿ ನೋಡುವುದೇ ಅವಳ ಕೆಲಸವಾಯಿತು. ಗಡ್ಡೆ ಏಳಲಿಲ್ಲ. ರಾಯಚೂರಿನಿಂದ ಬಂದ ಪಂಪಣ್ಣ ಸಂಗತಿ ಕೇಳಿ ಹೆಂಡತಿಯನ್ನು ಬೈಯುವ ಬದಲು ಬಂಡಿಯ ನೊಗ ಹಿಡಿದು ಕೂತುಬಿಟ್ಟ. ಊರಿನಲ್ಲಿ ಹದಿನಾರು ಮಂದಿ ಸತ್ತರು. ಮುಳ್ಳು ಕಿತ್ತವಳ ಕಡೆ ಬೆರಳು ತೋರಿಸಿದವರೂ ಇದ್ದರು. ಅಯ್ಯನವರು ಅವರ ಬಾಯಿ ಮುಚ್ಚಿಸಿದರು. ಮಳೆ ಬಿದ್ದ ಮೇಲೆ ಜನ ಮನೆಗಳಿಗೆ ಮರಳಿದರು, ಮಠದ ಪಡಸಾಲೆಗೆ ಸಗಣಿ ಸಾರಿಸಿ ಹೊಸ ಮರಳು ಹಾಕಿದರು.

ಶಾಲೆ ತೆರೆದ ದಿನ ಗಾಳೆಮ್ಮ ಮಕ್ಕಳನ್ನು ಬಿಟ್ಟು ಅಗಸಿ ದಾಟಿ, ಹುಣಸೆ ಮರದ ಕೆಳಗೆ ನಿಂತಳು. ಗಿರಣಿ ನಿಂತಿತ್ತು, ಅವಳು ಹೊರಟದ್ದು ಹೊಲದ ಕೆಲಸಕ್ಕೆ. ಅಯ್ಯನವರು ಹೆಸರು ಕೂಗುವುದು ಕೇಳಿಸಿತು. ಒಂದೊಂದೇ 'ಓ' ಬಂತು. "ಜಂಬಮ್ಮ" ಎಂದರು. ಏನೂ ಬರಲಿಲ್ಲ. ಮತ್ತೆ ಕೂಗಿದರು. ಮೂರನೆಯ ಸಲ ಕೂಗುವ ಹೊತ್ತಿಗೆ ಗಾಳೆಮ್ಮ ಓಡಿ ಪಡಸಾಲೆಯ ಮೆಟ್ಟಿಲು ಹತ್ತಿದ್ದಳು.

ಜಂಬಮ್ಮ ಸಾಲಿನಲ್ಲೇ ಇದ್ದಳು. ತುಟಿ ಬಿಗಿದು, ಎರಡೂ ಕೈಯಿಂದ ತಮ್ಮನ ಬಾಯಿ ಮುಚ್ಚಿಕೊಂಡಿದ್ದಳು. ಕಣ್ಣು ಬಾಗಿಲ ಕಡೆ, ತಾಯಿಯ ಕಡೆ.

ಗಾಳೆಮ್ಮ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. "ಓ ಅನ್ನು ನನ್ನವ್ವ," ಎಂದಳು. "ನಾ ಹೇಳಿದ್ದು ತಪ್ಪಾತು. ಓ ಅನ್ನು."

ಹುಡುಗಿ ಅಯ್ಯನವರನ್ನು ನೋಡಿದಳು, ತಾಯಿಯನ್ನು ನೋಡಿದಳು. ಕೈ ತೆಗೆಯಲಿಲ್ಲ. ಅಯ್ಯನವರು ತಲೆ ತಗ್ಗಿಸಿ ಮುಂದಿನ ಹೆಸರು ಕೂಗಿದರು.